ಸದ್ದಡಗಿದ ಬಿಲ್ಲು

“ಕೇಳಿಸ್ತಾ ಅರ್ಲೀನ್?” ಅಂಗಳದಿಂದಲೇ ವೆಂಡೆಲ್ ಕೂಗಿದ. ಬಂದೂಕಿನಂಥ ಹಿಡಿಯಿದ್ದ ಅವನ ಅಡ್ಡಬಿಲ್ಲಿನಿಂದ ಹೊರಟ ಬಾಣ, ಗುರಿಗೆಂದು ನಿಲ್ಲಿಸಿದ್ದ ಫೋಮಿನ ದಿಮ್ಮಿಯಲ್ಲಿ ನಾಟಿತ್ತು. “ಪಿಸ್ ಅಂತು, ಅಷ್ಟೇ. ಬೆಕ್ಕು ಸೀನಿದ ಹಾಗೆ!”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಕೇಳಿಸಿದ್ದು ಬೆಕ್ಕಿನ ಸೀನಲ್ಲ. ಹಲಗೆಯ ಮೇಲೆ ಹಲಗೆ ಬಿದ್ದಂಥ ಠಪ್ ಸದ್ದು. ಹೋದ ವಾರಕ್ಕಿಂತ ಒಂದಿಷ್ಟು ಕಡಿಮೆಯಾಗಿತ್ತೇನೋ, ಪಕ್ಕದ ಜಮೀನಿನ ನಾಯಿಗಂತೂ ಯಾವ ವ್ಯತ್ಯಾಸವೂ ಗೊತ್ತಾದಂತಿರಲಿಲ್ಲ, ಬೊಗಳುತ್ತಲೇ ಇತ್ತು. “ಪರವಾಗಿಲ್ಲ,” ಎಂದು ಅರ್ಲೀನ್ ಒಳಗೆ ಹೋದಳು. ಅವಳು ಹೇಳಿದ್ದು ಅವನಿಗೆ ಕೇಳಿಸಲಿಲ್ಲ.

ಓಹಾಯೊದ ಆ ಗುಡ್ಡಗಳಲ್ಲಿ ಜಿಂಕೆ ಬೇಟೆ ಶುರುವಾಗುವುದು ಶನಿವಾರ. ಹಿಂದಿನ ವರ್ಷ ವೆಂಡೆಲ್ ಟ್ರಿಗರ್ ಎಳೆದದ್ದೇ ತಡ, ಬಿಲ್ಲಿನ ಸದ್ದಿಗೆ ಹೆಣ್ಣುಜಿಂಕೆ ಬೆಚ್ಚಿ ಮೈ ತಗ್ಗಿಸಿ ಹಾರಿತ್ತು. ಎದೆಗೆ ಬೀಳಬೇಕಾದ ಬಾಣ ಬೆನ್ನಿಗೆ ಬಿತ್ತು. ಅದು ಕುಂಟುತ್ತ ಗುಡ್ಡ ದಾಟಿತು. ಮಾರನೆಯ ದಿನ ಕತ್ತಲಾಗುವವರೆಗೆ ಹುಡುಕಿದರೂ ಸಿಗಲಿಲ್ಲ. ಆಮೇಲೆ ಇಡೀ ಚಳಿಗಾಲ ಅವನು ಯಾರ ಮನೆಯ ಜಿಂಕೆ ಮಾಂಸವನ್ನೂ ತಿನ್ನಲಿಲ್ಲ. ಹಾಗಾಗಿ ಈ ಸಲ ಬಿಲ್ಲಿನ ಬಾಯಿ ಮುಚ್ಚಿಸಲು ಪಣತೊಟ್ಟಿದ್ದ. ಸಡಿಲವಾಗಿದ್ದ ತಿರುಪುಗಳನ್ನೆಲ್ಲ ಬಿಗಿದ, ಹೆದೆಗೆ ಮೇಣ ತಿಕ್ಕಿದ, ಟೊಳ್ಳಾಗಿದ್ದ ಹಿಡಿಯೊಳಗೆ ಸ್ಪಂಜು ತುರುಕಿದ. ಹೆದೆ ಬಂದು ಬಡಿಯುವ ಕಡೆ, ಕುರ್ಚಿಯ ಕಾಲಿಗೆ ಅಂಟಿಸುವ ಉಣ್ಣೆಯ ಬಿಲ್ಲೆಗಳನ್ನು ಅಂಟಿಸಿದ. ಅರ್ಲೀನಳ ಹಳೆಯ ಕೋಟಿನ ತೋಳಿನ ತುಪ್ಪಳ ಈಗ ಹೆದೆಯ ಎರಡೂ ತುದಿಯಲ್ಲಿ ಉಂಡೆಯಾಗಿ ಕೂತಿತ್ತು.

ಗುರುವಾರ ತಮ್ಮ ಕ್ಲೈಡ್ ಬಂದ. ಭುಜದ ಆಪರೇಷನ್ ಆದಮೇಲೆ ಅಣ್ಣ ತೋಳಿನ ಬಲದಲ್ಲಿ ಎಳೆಯುವ ಉದ್ದಬಿಲ್ಲು ಬಿಟ್ಟು ಇದನ್ನು ಹಿಡಿದದ್ದು ಅವನಿಗೆ ಮೊದಲಿನಿಂದಲೂ ತಮಾಷೆ. “ಇದು ಬಿಲ್ಲಲ್ಲ ಕಣಯ್ಯ, ಬಿಲ್ಲಿನ ವೇಷ ಹಾಕಿರೋ ಬಂದೂಕು,” ಅಂದ. ವೆಂಡೆಲ್ ಒಂದು ಬಾಣ ಬಿಟ್ಟು ತೋರಿಸಿದ. ಕ್ಲೈಡ್ ಕಿವಿ ಮುಚ್ಚಿಕೊಂಡು ನಕ್ಕ. “ಅಯ್ಯೋ ದೇವರೇ! ಗೋರಿಯೊಳಗಿರೋ ಅಪ್ಪನೂ ಎದ್ದು ಕೂತಿರ್ತಾನೆ!”

“ಹೊಟ್ಟೆಕಿಚ್ಚು ನಿನಗೆ,” ಅಂದ ವೆಂಡೆಲ್, ಖುಷಿಯಾಗಿ.

ಬೀನ್ಸ್ ಸೂಪು ಬಡಿಸುವ ನೆಪದಲ್ಲಿ ಅರ್ಲೀನ್ ಮೈದುನನನ್ನು ಒಳಗೆ ಕರೆದಳು. ಕ್ಲೈಡ್‌ನ ನಗು ಅಷ್ಟರಲ್ಲಿ ಇಳಿದಿತ್ತು. “ಅವನಿಗೆ ನಿಜವಾಗ್ಲೂ ಕೇಳಿಸ್ತಿಲ್ವಾ?”

“ಅಷ್ಟು ವರ್ಷ ಕಾರ್ಖಾನೇಲಿ ತಗಡು ಒತ್ತೋ ಯಂತ್ರದ ಪಕ್ಕ ನಿಂತಿದ್ದವನು. ಈಗ ನಾನು ಬಾಯೊಳಗೇ ಮಾತಾಡ್ತೀನಂತೆ. ಕಿವಿ ತೋರಿಸ್ಕೊಂಡು ಬಾ ಅಂದ್ರೆ ಎದ್ದು ಟ್ರಕ್ಕಲ್ಲಿ ಹೋಗಿ ಕೂರ್ತಾನೆ.”

“ಬಿಡು, ಶನಿವಾರ ಜಿಂಕೇನೇ ಹೇಳತ್ತೆ.”

“ಹೋದ ಸಲಾನೇ ಹೇಳಿತ್ತಲ್ಲ,” ಅಂದಳು ಅರ್ಲೀನ್. “ಇನ್ನೊಂದು ಜಿಂಕೆ ಹಾಗೆ ಕುಂಟ್ಕೊಂಡು ಹೋದ್ರೆ ಇವನು ಮತ್ತೆ ಬಿಲ್ಲು ಮುಟ್ಟಲ್ಲ.”

ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಅಂಗಳಕ್ಕೆ ನಡೆದಳು. ಗಂಡನ ಎದುರಿಗೆ ನಿಂತು, ಅವನು ತನ್ನ ತುಟಿ ನೋಡುವಂತೆ ಮಾತಾಡಿದಳು. “ನೀನು ಬಿಲ್ಲಿನ ಹಿಂದೆ ನಿಂತು ಕೇಳ್ತಿದ್ದೀಯ. ಜಿಂಕೆ ನಿಂತಿರೋದು ಮುಂದೆ, ದೂರದಲ್ಲಿ. ಅಲ್ಲಿಗೆ ಹೇಗೆ ಕೇಳತ್ತೋ ನೋಡಬೇಡವಾ? ನೀನು ಕೊಟ್ಟಿಗೆ ಹಿಂದೆ ಹೋಗಿ ನಿಲ್ಲು. ನಾನು ಬಿಡ್ತೀನಿ.”

ವೆಂಡೆಲ್‌ಗೆ ಮಾತು ಹಿಡಿಸಿತು. “ನಲವತ್ತು ವರ್ಷ ನಿನ್ನನ್ನ ಬೇಟೆಗೆ ಕರ್ಕೊಂಡು ಹೋಗದೆ ತಪ್ಪು ಮಾಡ್ದೆ ನೋಡು,” ಎಂದು ಬಿಲ್ಲನ್ನು ಅವಳ ಕೈಗಿಟ್ಟ. ಕಲ್ಲುಗೋಡೆಯ ಕೊಟ್ಟಿಗೆಯ ಆಚೆ, ಅಕ್ರೋಟು ಮರದ ಕೆಳಗೆ ಹೋಗಿ ನಿಂತು, “ಜಿಂಕೆ ತಯಾರು!” ಎಂದು ಕೂಗಿದ.

ಕ್ಲೈಡ್ ಹೆದೆ ಏರಿಸಿ, ಬಾಣ ಇಟ್ಟು ಕೊಟ್ಟ. ಅರ್ಲೀನ್ ಬಿಲ್ಲನ್ನು ಭುಜಕ್ಕೆ ಒತ್ತಿ ಹಿಡಿದಳು. ಸದ್ದೇ ಇಲ್ಲ ಅಂತ ಸುಳ್ಳು ಹೇಳಿ ಸಂಜೆಗೆ ಮೆಕ್ಕೆಜೋಳದ ಬ್ರೆಡ್ಡು ಬೇಯಿಸಿ ನಗುನಗುತ್ತ ಊಟ ಮಾಡಬಹುದಿತ್ತು, ಇನ್ನೂ ಎರಡು ದಿನ. ಟ್ರಿಗರ್ ಎಳೆದಳು. ಠಪ್ಪೆಂದಿತು. ಬಾಣ ದಿಮ್ಮಿಯ ಒಂದು ಮೂಲೆಗೆ ನಾಟಿತು. ಕೊಟ್ಟಿಗೆಯಾಚೆಯ ಮರದಿಂದ ಕಾಗೆಗಳು ಒಟ್ಟಿಗೇ ಮೇಲೆದ್ದು, ಕಿರುಚುತ್ತ ಹೊಲದ ಕಡೆ ಹಾರಿದವು.

“ಬಿಡ್ರೋ ಬೇಗ!” ಗೋಡೆಯಾಚೆಯಿಂದ ವೆಂಡೆಲ್‌ನ ದನಿ ಬಂತು. “ಎಷ್ಟು ಹೊತ್ತು ನಿಂತ್ಕೊಳ್ಳಲಿ?”

ಕ್ಲೈಡ್ ನೆಲ ನೋಡಿದ. ಅರ್ಲೀನ್ ಬಿಲ್ಲನ್ನು ಅವನಿಗೆ ಕೊಟ್ಟು ಕೊಟ್ಟಿಗೆಯನ್ನು ಬಳಸಿ ಹೋದಳು. ವೆಂಡೆಲ್ ಟೋಪಿ ಹಿಂದಕ್ಕೆ ಸರಿಸಿ, ತಲೆ ಎತ್ತಿ ಆಕಾಶ ನೋಡುತ್ತ ನಿಂತಿದ್ದ.

“ಸುಮ್ಮನೆ ಕೂತಿದ್ವು,” ಅಂದ. “ಇದ್ದಕ್ಕಿದ್ದ ಹಾಗೆ ಎದ್ದು ಹೋದ್ವು. ಏನಾಯ್ತು ಇವಕ್ಕೆ?”

ಅರ್ಲೀನ್ ಅವನ ಕೈ ಹಿಡಿದುಕೊಂಡಳು. ಅವನು ಅವಳ ಕಡೆ ತಿರುಗುವವರೆಗೆ ಕಾದಳು.

“ಅವಕ್ಕೆ ಕೇಳಿಸ್ತು, ವೆಂಡೆಲ್.”