ವಿಲಾಯತಿಗೆ ಹೋದ ದ್ರಾಕ್ಷಿ

ಊಟ ಬಲ್ಲವನಿಗೆ ರೋಗವಿಲ್ಲ, ದನಿ ಬಲ್ಲವನಿಗೆ ಕೆಲಸವಿಲ್ಲ. ದೇವರಾಣೆ, ಇದು ನಡೆದ ಕತೆ.

ವರ್ಷದ ದ್ರಾಕ್ಷಿಯನ್ನೆಲ್ಲ ವಿಲಾಯತಿಗೆ ಕಳಿಸಿ ಕೂತಿದ್ದ ಸಿದ್ಲಿಂಗಪ್ಪನಿಗೆ, ಗೆಳೆಯ ಚನಗೊಂಡ ಗೋಡೆಯಾಚೆಯಿಂದಲೇ ದ್ರಾಕ್ಷಿ ಕೊಳ್ಳುವ ಕಂಪನಿಯ ಸಾಹೇಬರ ದನಿಯಲ್ಲಿ ಫೋನ್ ಮಾಡಿದ.

“ಪರಿಸರದ ಹೊಸ ರೂಲ್ ಬಂದಿದೆ. ನಿಮ್ಮ ತೋಟದ ಜೇನುಹುಳುಗಳು ಸುಖವಾಗಿವೆ ಅಂತ ವಿಡಿಯೊ ಕಳಿಸಿ. ಅವು ನಗ್ತಿರಬೇಕು.”

“ನಗಸ್ತೀನ್ರಿ ಸಾಹೇಬ್ರ. ಮತ್ತೇನರ ಇದ್ರೂ ಹೇಳ್ರಿ, ಮಾಡ್ತೀನಿ.”

ಚನಗೊಂಡ ತಡೆಯಲಾರದೆ ಕಿಸಕ್ಕನೆ ನಕ್ಕು ಎದುರಿಗೆ ಬಂದ. ಅವನನ್ನು ಕಂಡ ಸಿದ್ಲಿಂಗಪ್ಪ ಅವನಿಗಿಂತ ಜೋರಾಗಿ ನಕ್ಕ.

“ಲೇ ಕಳ್ಳ, ನನ್ನ ಜೀವಾನ ಹೋಗಿತ್ತಲ್ಲೋ! ಹಂಗಾರ ಮುಂಜಾನೆ ಫೋನ್ ಮಾಡಿ, ಹಣ್ಣಿನಾಗ ಹುಳಕ್ಕ ಹೊಡ್ಯೋ ಎಣ್ಣಿ ಔಷಧ ಸಿಕ್ಕೈತಿ, ವಿಲಾಯತಿಯವ್ರು ಮಾಲೆಲ್ಲಾ ಬ್ಯಾಡಂದಾರ ಅಂದಾಂವನೂ ನೀನ!”

ಅವತ್ತು ಚನಗೊಂಡ ಮಾಡಿದ್ದು ಈ ಒಂದೇ ಫೋನು. ಹೇಳಬೇಕೆಂದು ಬಾಯಿ ತೆರೆದ. ಸಿದ್ಲಿಂಗಪ್ಪ ಇನ್ನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.