ಅಥೆನ್ಸಿನ ಮಣ್ಣು

ವ್ಯಾಪಾರಿಯೊಬ್ಬ ಮ್ಯೂಸಿಯಂಗೆ ಮಾರಲು ತಂದಿದ್ದ ಪುರಾತನ ಗ್ರೀಕ್ ಹೂಜಿಯನ್ನು ವಿಜ್ಞಾನಿ ವಾರಿಜಾ ಪರೀಕ್ಷಿಸಿದಳು. ಮಣ್ಣು ಅಥೆನ್ಸಿನದೇ, ಎರಡೂವರೆ ಸಾವಿರ ವರ್ಷದ ಹಿಂದೆ ಸುಟ್ಟದ್ದೇ. ಆದರೆ ಮೇಲಿದ್ದ ಕುದುರೆಯ ಚಿತ್ರ ಈಗಿನ ಬಣ್ಣದ್ದು. ಅವಳಿಗೆ ಹೇಸಿಗೆಯಾಯಿತು.

"ಹಳೇ ಹೂಜಿಗೆ ಹೊಸ ಬಣ್ಣ ಬಳಿದಿದ್ದೀರಲ್ಲ, ನಾಚಿಕೆ ಆಗಲ್ವಾ? ನಕಲಿ ಅಂತಲೇ ವರದಿ ಕೊಡ್ತೀನಿ."

"ಮಣ್ಣು ಅಸಲಿ ಅಂದ್ಮೇಲೆ ನಕಲಿ ಹೇಗಾಗುತ್ತೆ ಮೇಡಂ?" ವ್ಯಾಪಾರಿಗೆ ನಿಜಕ್ಕೂ ನೋವಾಗಿತ್ತು. "ಹಳೇ ಹೂಜಿ ಮೇಲೆ ನಾವು ಕೈಯಾಡಿಸಿಲ್ಲ. ಇಡೀ ಹೂಜಿ ನಾವೇ ಮಾಡಿದ್ದು."

"ಮತ್ತೆ ಈ ಮಣ್ಣು ಎಲ್ಲಿಂದ ಬಂತು?"

"ಚಿತ್ರ ಇಲ್ಲದ ಹಳೇ ಹೂಜಿಗಳನ್ನ ಯಾರೂ ಕೊಳ್ಳಲ್ಲ ಮೇಡಂ. ಅಂಥವು ಏಳೆಂಟು ಸಿಕ್ಕಿದ್ವು. ಎಲ್ಲಾನೂ ಕುಟ್ಟಿ ಪುಡಿ ಮಾಡಿ, ಅಂಟು ಹಾಕಿ ಕಲಸಿದ್ವಿ."