ತಟ್ಟೆಯ ಮೇಲಿನ ಉಸಿರು

ತಾಯವ್ವನ ಮೂಗಿನಂಥ ಮೂಗು ಮೂರು ಲೋಕದಲ್ಲೂ ಇರಲಿಲ್ಲ. ಮನೆಯೊಳಗೆ ಬೀಗ ಹಾಕಿಟ್ಟ ಸೋಂಕಿತರು ಸ್ಟೀಲ್ ತಟ್ಟೆಗೆ ಉಸಿರು ಊದಿ ಕಿಟಕಿಯಿಂದ ಚಾಚಿದರೆ ಸಾಕು, ಒಮ್ಮೆ ಮೂಸಿ, ಮೈಯಲ್ಲಿ ಎಷ್ಟು ವೈರಸ್ಸುಗಳಿವೆ ಎಂದು ಒಂದೂ ತಪ್ಪದಂತೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ಸೊನ್ನೆ ಬಂದವರ ಬೀಗ ತೆಗೆಯುತ್ತಿದ್ದರು. ಆಮೇಲೆ ಅವರು ಅವಳ ಹತ್ತಿರ ಸುಳಿಯುವಂತಿರಲಿಲ್ಲ. ಊರಿನ ಸೋಂಕೆಲ್ಲ ಮೂಸಿದವಳೆಂದು ಅವಳನ್ನು ಕಂಡರೆ ಗದಗಿನ ಬೀದಿಗೆ ಬೀದಿಯೇ ಖಾಲಿಯಾಗುತ್ತಿತ್ತು. ಅವಳ ನೆರಳು ಕೂಡ ನಾಲ್ಕು ಮಾರು ದೂರವೇ ನಡೆಯುತ್ತಿತ್ತು.

ಆ ಮಂಗಳವಾರ ಒಂಟಿ ಮುದುಕ, ಬಡಿಗ ಮೌನೇಶಪ್ಪ, ತಟ್ಟೆ ಚಾಚಿದ.

"ಎಷ್ಟದಾವ್ರೀ, ತಾಯವ್ವಾ?"

ಮೂಸಿದಳು. ನಲವತ್ತು ಲಕ್ಷದ ಹದಿನೇಳು! ಜೊತೆಗೆ ತಂಬಾಕಿನ ಘಾಟು.

"ಹೋದ ವಾರ ಮೂರೇ ಮೂರು ಇದ್ದುವು. ನೀವು ತಂಬಾಕ ಯಾವಾಗ ಹಿಡದ್ರಿ, ಮೌನೇಶಪ್ಪಾರ? ಇದು ಮ್ಯಾಲಿನ ಮನಿ ಬಸಲಿಂಗವ್ವನ ಉಸಿರು."

ಮುದುಕ ತಲೆ ತಗ್ಗಿಸಿದ.

"ತಾನು ಊದಿದ ತಟ್ಟಿ ಹಗ್ಗಾ ಕಟ್ಟಿ ಇಳಿಸಿದ್ಲರೀ. ಇವತ್ತ ನಂದು ಸೊನ್ನಿ ಬರತೈತಿ ಅನ್ನಿಸ್ತು. ಸೊನ್ನಿ ಬಂದ್ರ ನೀವು ಬರೂದಿಲ್ಲ. ನನ್ನ ಕೂಡ ಮಾತಾಡೋರು ಮತ್ತ್ಯಾರದಾರ?"

ತಾಯವ್ವ ಸೆರಗಿನಿಂದ ತಟ್ಟೆ ಒರೆಸಿ ಒಳಗೆ ಕೊಟ್ಟಳು.

"ಈಗ ನೀವ ಊದ್ರಿ."

ಅವನು ಊದಿದ. ಅವಳು ಬಹಳ ಹೊತ್ತು ಮೂಸಿದಳು. ಮೂರು ಲೋಕದ ಮೂಗಿಗೂ ಅಲ್ಲಿ ಸಿಕ್ಕಿದ್ದು ಸಾಗವಾನಿ ಪುಡಿಯ ವಾಸನೆ ಮಾತ್ರ.

"ಮೂರೂ ಹಂಗ ಅದಾವು, ಭಾಳ ಗಟ್ಟಿ," ಎಂದು ಅವಳು ಬಾಗಿಲ ಮೇಲಿನ ಹಳೆಯ ಮೂರನ್ನೇ ಮತ್ತೊಮ್ಮೆ ತಿದ್ದಿದಳು. "ಮುಂದಿನ ಮಂಗಳವಾರ ನೋಡೂಣು."